ಅವಳಿಗೆ ಬೇಕಿದ್ದದ್ದು ಬೇಸ್‌ಬಾಲ್, ಕೊಟ್ಟಿದ್ದು ಸಾಫ್ಟ್‌ಬಾಲ್

1/6
ಫೋಟೋದಲ್ಲಿ ಎರಡು ಚೆಂಡು ಇವೆ, ಸ್ವಲ್ಪ ನೋಡಿ. ಚಿಕ್ಕದು ಬೇಸ್‌ಬಾಲ್, ಸುತ್ತಳತೆ ಸುಮಾರು 9 ಇಂಚು. ದೊಡ್ಡದು ಸಾಫ್ಟ್‌ಬಾಲ್, 12 ಇಂಚು.

ಬೇಸ್‌ಬಾಲ್‌ನಲ್ಲಿ ಕೈಯನ್ನು ಭುಜದ ಮೇಲಿಂದ ಬೀಸಿ ಎಸೀತಾರೆ, 60 ಅಡಿ 6 ಇಂಚು ದೂರದಿಂದ. ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಕೈಯನ್ನು ಕೆಳಗಿಂದ ತಿರುಗಿಸಿ ಎಸೀತಾರೆ, 43 ಅಡಿಯಿಂದ. ಒಂದರಲ್ಲಿ ಬೇಸ್‌ಗಳ ನಡುವೆ 90 ಅಡಿ, ಇನ್ನೊಂದರಲ್ಲಿ 60.

ಈಗ ಹೇಳಿ, ಇವೆರಡೂ ಒಂದೇ ಆಟನಾ? ಅಲ್ಲ ತಾನೇ? ಆದ್ರೆ ಅಮೆರಿಕದಲ್ಲಿ ತಲೆಮಾರುಗಳಿಂದ ಬೇಸ್‌ಬಾಲ್ ಆಡೋ ಹುಡುಗಿಗೆ ಹೇಳ್ತಾ ಬಂದಿರೋ ಮಾತು ಇದೇ: "ನಿನಗೆ ಸಾಫ್ಟ್‌ಬಾಲ್ ಇದೆಯಲ್ಲ!"

ಈ ಸರಣಿ ಆ ಒಂದು ಮಾತಿನ ವಿರುದ್ಧ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ 🙂

2/6
ಈ ಹುಡುಗಿಯ ಹೆಸರು ಕೆಲ್ಸಿ ವಿಟ್‌ಮೋರ್. ಕ್ಯಾಲಿಫೋರ್ನಿಯಾದವಳು, ಹುಟ್ಟಿದ್ದು 1998ರಲ್ಲಿ.

2014ರಲ್ಲಿ ಜಪಾನಿನ ಮಿಯಾಝಾಕಿಯಲ್ಲಿ ಮಹಿಳಾ ಬೇಸ್‌ಬಾಲ್ ವಿಶ್ವಕಪ್. ಅಮೆರಿಕ ತಂಡದಲ್ಲಿ ಕೆಲ್ಸಿ ಇದ್ದಳು, ವಯಸ್ಸು 16. ತಂಡಕ್ಕೆ ಬೆಳ್ಳಿ ಬಂತು. ಮರುವರ್ಷ ಟೊರಾಂಟೊದ ಪ್ಯಾನ್ ಅಮೆರಿಕನ್ ಗೇಮ್ಸ್. ಆ ಕೂಟದಲ್ಲಿ ಮಹಿಳಾ ಬೇಸ್‌ಬಾಲ್ ಸೇರಿದ್ದು ಆಗಲೇ ಮೊದಲು. ಅಮೆರಿಕ ಚಿನ್ನ ಗೆದ್ದಿತು, ಕೆಲ್ಸಿಗೆ 17. 2016ರ ಬೇಸಿಗೆಯಲ್ಲಿ, ಹೈಸ್ಕೂಲ್ ಮುಗಿದ ಬೆನ್ನಲ್ಲೇ, ಸೊನೋಮಾ ಸ್ಟಾಂಪರ್ಸ್ ಅನ್ನೋ ಪುರುಷರ ವೃತ್ತಿಪರ ತಂಡದ ಪರ ಆಡಿದಳು.

ಇಷ್ಟೆಲ್ಲ ಮಾಡಿದ ಹುಡುಗ ಆಗಿದ್ರೆ ಕಾಲೇಜುಗಳು ಮನೆ ಮುಂದೆ ಸಾಲು ನಿಲ್ತಿದ್ವು. ಕೆಲ್ಸಿ ಕಾಲೇಜಿನಲ್ಲಿ ಆಡಿದ್ದು ಏನು ಗೊತ್ತಾ? ಸಾಫ್ಟ್‌ಬಾಲ್. 2017ರಿಂದ 2021ರವರೆಗೆ. ಯಾಕಂದ್ರೆ ಅಲ್ಲಿ ಕಾಲೇಜು ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಳ್ಳೋ ಆಟ ಅದು. ಬೇಸ್‌ಬಾಲ್ ತಂಡ ಗಂಡುಮಕ್ಕಳದ್ದು.

ಒಬ್ಬ ಆಟಗಾರ್ತಿಯ 18ರಿಂದ 22ರವರೆಗಿನ ವಯಸ್ಸು ಅಂದ್ರೆ ಏನು ಅಂತ ಆಟ ಬಲ್ಲವರಿಗೆ ಹೇಳಬೇಕಿಲ್ಲ.

3/6
"ಅದು ಅವಳ ಆಯ್ಕೆ ಅಲ್ವಾ?" ಅಂತ ಕೇಳೋರಿಗೆ ಸ್ವಲ್ಪ ಇತಿಹಾಸ.

1972, ನ್ಯೂಜೆರ್ಸಿಯ ಹೊಬೋಕನ್. ಮರಿಯಾ ಪೆಪೆ ಅನ್ನೋ ಹುಡುಗಿ ಲಿಟಲ್ ಲೀಗ್‌ನಲ್ಲಿ ಹುಡುಗರ ಜೊತೆ ಮೂರು ಪಂದ್ಯ ಆಡಿದಳು. ಅಷ್ಟಕ್ಕೇ ಊರಿನ ಲೀಗ್‌ನ ಮಾನ್ಯತೆ ರದ್ದು ಮಾಡ್ತೀವಿ ಅಂತ ಮೇಲಿನವರು ಬೆದರಿಸಿದ್ರು. ಮರಿಯಾ ತಂಡ ಬಿಡಬೇಕಾಯ್ತು. ಮಹಿಳಾ ಸಂಘಟನೆಯೊಂದು ಕಾನೂನು ಹೋರಾಟ ಮಾಡಿ ಗೆದ್ದಿತು. 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಮರಿಯಾಳ ವಯಸ್ಸು ಮೀರಿತ್ತು.

ಮುಖ್ಯ ವಿಷಯ ಇನ್ನು ಮುಂದೆ ಇದೆ. ಅದೇ 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ಅಂತ ಸಾಫ್ಟ್‌ಬಾಲ್ ಶುರು ಮಾಡ್ತು. ನ್ಯಾಯಾಲಯ ಮುಂಬಾಗಿಲು ತೆಗೆಸಿದ ವರ್ಷವೇ ಹಿತ್ತಲ ಬಾಗಿಲು ಕಟ್ಟಿ, "ನೀವು ಈ ಕಡೆ ಬನ್ನಿ" ಅಂದ್ರು. ಇದು ಆಯ್ಕೆಯಾ? ಎರಡು ದಾರಿಯಲ್ಲಿ ಒಂದಕ್ಕೆ ಡಾಂಬರು ಹಾಕಿ ಇನ್ನೊಂದಕ್ಕೆ ಮುಳ್ಳು ಸುರಿದು, "ನೀನೇ ಆರಿಸ್ಕೋ" ಅನ್ನೋದು ಯಾವ ನ್ಯಾಯ?

4/6
ಕೆಲ್ಸಿ ಒಬ್ಬಳೇ ಅಲ್ಲ. 2014ರಲ್ಲಿ ಫಿಲಡೆಲ್ಫಿಯಾದ ಮೋನೆ ಡೇವಿಸ್, 13 ವರ್ಷದ ಹುಡುಗಿ, ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ಎದುರಾಳಿಗೆ ಒಂದೂ ರನ್ ಕೊಡದೆ ಪಂದ್ಯ ಗೆಲ್ಲಿಸಿದಳು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಮುಖಪುಟದಲ್ಲಿ ಅವಳ ಫೋಟೋ ಬಂತು. ದೇಶವೆಲ್ಲ ಚಪ್ಪಾಳೆ. ಆಮೇಲೆ? ಕಾಲೇಜಿನಲ್ಲಿ ಅವಳೂ ಸಾಫ್ಟ್‌ಬಾಲೇ.

ಚಪ್ಪಾಳೆ ತಟ್ಟೋಕೆ ದುಡ್ಡು ಬೇಡ. ತಂಡ ಕಟ್ಟೋಕೆ ಬೇಕು. ಮೊದಲನೆಯದನ್ನು ಧಾರಾಳವಾಗಿ ಕೊಟ್ಟು ಎರಡನೆಯದರಲ್ಲಿ ಕೈ ಎಳೆಯೋರನ್ನ ಅಭಿಮಾನಿಗಳು ಅಂತ ಕರೀಬೇಡಿ.

ಒಲಿಂಪಿಕ್ಸ್ ಕೂಡ ಅಷ್ಟೇ. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಗಂಡಸರಿಗೆ ಬೇಸ್‌ಬಾಲ್, ಹೆಂಗಸರಿಗೆ ಸಾಫ್ಟ್‌ಬಾಲ್. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು "ಸಮಾನತೆ" ಅಂತಾರೆ.

ನಮಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ: ಮಹಿಳಾ ಕ್ರಿಕೆಟ್‌ನಲ್ಲಿ ಚೆಂಡು ಸ್ವಲ್ಪ ಹಗುರ, ಬೌಂಡರಿ ಸ್ವಲ್ಪ ಹತ್ತಿರ. ಆದ್ರೆ ಪಿಚ್ ಅದೇ 22 ಗಜ, ಆಟ ಅದೇ. "ಹುಡುಗೀರಿಗೆ ಅಂಡರ್‌ಆರ್ಮ್ ಕ್ರಿಕೆಟ್ ಸಾಕು" ಅಂದುಬಿಟ್ಟಿದ್ರೆ ಸ್ಮೃತಿ ಮಂಧಾನ ಇವತ್ತು ಎಲ್ಲಿರ್ತಿದ್ರು?

5/6
ಈಗ ಕಾಮೆಂಟ್‌ನಲ್ಲಿ ಬರೋ ಮಾತಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

"ಸಾಫ್ಟ್‌ಬಾಲ್ ಏನು ಕಡಿಮೆನಾ?" ಖಂಡಿತ ಅಲ್ಲ. ಅಷ್ಟು ಹತ್ತಿರದಿಂದ ಬರೋ ಚೆಂಡನ್ನ ಹೊಡೆಯೋದು ಮಕ್ಕಳಾಟ ಅಲ್ಲ. ಇಷ್ಟಪಟ್ಟು ಆಡೋರು ನೂರು ವರ್ಷ ಆಡಲಿ. ನನ್ನ ಸಿಟ್ಟು ಆಟದ ಮೇಲಲ್ಲ, ಅದನ್ನ ಬೇಲಿ ಮಾಡಿಕೊಂಡಿರೋರ ಮೇಲೆ.

"ಹುಡುಗೀರು ಬೇಸ್‌ಬಾಲ್‌ಗೆ ಬರೋದೇ ಇಲ್ವಲ್ಲ?" ಜಪಾನ್ ನೋಡಿ. ಅಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಬೇಸ್‌ಬಾಲ್ ತಂಡಗಳಿವೆ, ರಾಷ್ಟ್ರಮಟ್ಟದ ಟೂರ್ನಿ ಇದೆ. 2021ರಲ್ಲಿ ಅದರ ಫೈನಲ್ ನಡೆದದ್ದು ಕೋಶಿಯೆನ್ ಕ್ರೀಡಾಂಗಣದಲ್ಲಿ, ಹುಡುಗರ ಹೈಸ್ಕೂಲ್ ಬೇಸ್‌ಬಾಲ್‌ನ ಪುಣ್ಯಕ್ಷೇತ್ರ ಅನ್ನಬಹುದಾದ ಜಾಗದಲ್ಲಿ. ಫಲ? ಮೊದಲ ಎರಡು ವಿಶ್ವಕಪ್, 2004 ಮತ್ತು 2006, ಅಮೆರಿಕಕ್ಕೆ. 2008ರಿಂದ ಸತತ ಏಳು ಜಪಾನಿಗೆ. ಪಿಚರ್ ಅಯಾಮಿ ಸಾಟೊ ಒಬ್ಬರೇ ಸತತ ಮೂರು ಸಲ ಟೂರ್ನಿಯ ಶ್ರೇಷ್ಠ ಆಟಗಾರ್ತಿ.

ಅಮೆರಿಕದ ಹುಡುಗಿಯರ ತೋಳಲ್ಲಿ ಶಕ್ತಿ ಕಡಿಮೆ ಆಯ್ತಾ? ಇಲ್ಲ. ನೀರು ಹಾಕಿದ ಗಿಡ ಬೆಳೆಯಿತು, ಅಷ್ಟೇ.

6/6
ಕೆಲ್ಸಿ ಬಿಡಲಿಲ್ಲ. 2022ರಲ್ಲಿ ಸ್ಟೇಟನ್ ಐಲ್ಯಾಂಡ್ ಫೆರಿಹಾಕ್ಸ್ ಸೇರಿ ಅಟ್ಲಾಂಟಿಕ್ ಲೀಗ್‌ನಲ್ಲಿ ಗಂಡಸರ ಜೊತೆ ಆಡಿದಳು. 2024ರಲ್ಲಿ ಓಕ್ಲೆಂಡ್ ಬಾಲರ್ಸ್. 2025ರ ನವೆಂಬರ್‌ನಲ್ಲಿ ಹೊಸ ವಿಮೆನ್ಸ್ ಪ್ರೋ ಬೇಸ್‌ಬಾಲ್ ಲೀಗ್ ಆಟಗಾರ್ತಿಯರನ್ನು ಆರಿಸಿದಾಗ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಅವಳದ್ದು. ಆಯ್ಕೆಯಾದವರಲ್ಲಿ ಮೋನೆ ಡೇವಿಸ್ ಕೂಡ ಇದ್ದಳು, ಆ ಮುಖಪುಟ ಬಂದು ಹನ್ನೊಂದು ವರ್ಷ ಆದಮೇಲೆ.

ಖುಷಿ ಪಡಿ, ನಾನೂ ಪಟ್ಟೆ. ಆದ್ರೆ "ಛಲ ಇದ್ರೆ ಸಾಕು, ನೋಡಿ ಕೆಲ್ಸಿನ" ಅಂತ ಮಾತ್ರ ಬರೀಬೇಡಿ. ಅವಳು ಗೋಡೆ ಹಾರಿದ್ದಕ್ಕೆ ಗೋಡೆ ಸರಿ ಅಂತ ಆಗಲ್ಲ. ಹಾರೋಕಾಗದೆ ವಾಪಸ್ ಹೋದವರ ಫೋಟೋ ಯಾರ ಹತ್ತಿರವೂ ಇಲ್ಲ, ಇದ್ದಿದ್ರೆ ಈ ಸರಣಿಗೆ ಆರು ಪೋಸ್ಟ್ ಸಾಲ್ತಿರಲಿಲ್ಲ.

ಮುಂದಿನ ಸಲ ಯಾರಾದ್ರೂ "ಹುಡುಗೀರಿಗೆ ಬೇರೆ ಇದೆಯಲ್ಲ" ಅಂದ್ರೆ, ಆಟ ಯಾವುದೇ ಇರಲಿ, ಒಂದೇ ಪ್ರಶ್ನೆ ಕೇಳಿ: "ಅವಳು ಕೇಳಿದ್ದು ಅದನ್ನೇನಾ?"

#ಕೆಲ್ಸಿವಿಟ್‌ಮೋರ್ #ಮಹಿಳಾಬೇಸ್‌ಬಾಲ್ #ಆಟಎಲ್ಲರದ್ದು