ಜಾಗ ಕೊಳ್ಳುವ ಮುನ್ನ ನೀರಿನ ದಾರಿಯನ್ನೂ ನೋಡೋಣ

ಬ್ಯಾಂಕಿನ ಬಡ್ಡಿ ಇಳಿದಾಗ ಕರಾವಳಿಯಲ್ಲಿ ಜಾಗ, ಫ್ಲ್ಯಾಟುಗಳ ಮಾತು ಜೋರಾಗುತ್ತದೆ. 2020ರ ಮೇ ತಿಂಗಳಿನಿಂದ ಸುಮಾರು ಎರಡು ವರ್ಷ ರಿಸರ್ವ್ ಬ್ಯಾಂಕಿನ ರೆಪೋ ದರ ಶೇ. 4ರಷ್ಟಿತ್ತು. 2023ರ ಫೆಬ್ರವರಿಯಲ್ಲಿ ಅದು ಶೇ. 6.5ಕ್ಕೇರಿತು, 2025ರಲ್ಲಿ ಮತ್ತೆ ಇಳಿಯಿತು. ರೂಪಾಯಿ ಕುಸಿದರೆ ಗಲ್ಫ್‌ನಲ್ಲಿ ದುಡಿಯುವ ನಮ್ಮವರ ದಿರ್ಹಮ್, ದಿನಾರ್‌ಗಳಿಗೆ ಊರಿನಲ್ಲಿ ಬೆಲೆ ಹೆಚ್ಚು. ಇದನ್ನೆಲ್ಲ ನೋಡಿ ಹಣ ಹೂಡುವುದು ತಪ್ಪಲ್ಲ. ಆದರೆ ಇದು ಅರ್ಧ ಲೆಕ್ಕ ಮಾತ್ರ.

ಉಳಿದರ್ಧವನ್ನು ಕೊಚ್ಚಿಯ ಮರಡು ಕಲಿಸಿದೆ. ಅಲ್ಲಿ ಹಿನ್ನೀರಿನ ದಡದಲ್ಲಿ ಕರಾವಳಿ ನಿಯಂತ್ರಣ ವಲಯದ (ಸಿ.ಆರ್.ಝಡ್.) ನಿಯಮ ಮೀರಿ ಕಟ್ಟಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ 2019ರಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಅವನ್ನು ಸ್ಫೋಟಕ ಇಟ್ಟು ಉರುಳಿಸಲಾಯಿತು. ಸ್ಥಳೀಯ ಪಂಚಾಯತಿನ ಪರವಾನಗಿ ನಂಬಿ ಕೊಂಡವರು ಮನೆ ಕಳೆದುಕೊಂಡರು. ಅದು ಕಡಲ ತೀರವೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಉಬ್ಬರದ ನೀರು ಏರುವ ನದಿ ದಡಕ್ಕೂ ಈ ನಿಯಮ ಅನ್ವಯಿಸುತ್ತದೆ. ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಜಾಗ ನೋಡುವವರು ಇದನ್ನು ಮರೆಯಬಾರದು.

ಕಾನೂನಿಗೆ ಸಿಕ್ಕದ್ದು ಪ್ರಕೃತಿಗೆ ಸಿಕ್ಕೀತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಲೆಗಳು ಉಳ್ಳಾಲದ ಕಡೆ ಮನೆಗಳನ್ನು ಬಡಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜೀವಗಳು ಹೋದವು. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತಗಳು ಹೆಚ್ಚುತ್ತಿವೆ ಎಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಆದರೂ ಮಾರುಕಟ್ಟೆಯ ಬೆಲೆಯಲ್ಲಿ ಈ ಅಪಾಯ ಬಹುಮಟ್ಟಿಗೆ ಕಾಣುವುದಿಲ್ಲ. ಮಾರಿದವನು ಹಣ ಪಡೆದು ಹೋಗುತ್ತಾನೆ. ಸಾಲ ನೀಡುವ ಬ್ಯಾಂಕು ಸಂಬಳವನ್ನೂ ಕಾಗದಪತ್ರಗಳನ್ನೂ ನೋಡುತ್ತದೆ. ಇಪ್ಪತ್ತು ವರ್ಷ ಕಂತು ಕಟ್ಟುತ್ತಾ ಇಪ್ಪತ್ತು ಮಳೆಗಾಲ ಎದುರಿಸಬೇಕಾದವನು ಕೊಂಡವನೇ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಗದ್ದೆಗೆ ಮಣ್ಣು ತುಂಬಿಸಿ ನಿವೇಶನ ಮಾಡಿದಾಗ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಬಡವನ ಅಂಗಳಕ್ಕೆ ನುಗ್ಗುತ್ತದೆ. ಹಣವಿದ್ದವರು ಬೇರೆಡೆ ಹೋಗಬಹುದು, ಕಡಲ ದಂಡೆಯ ಮೀನುಗಾರ ಕುಟುಂಬ ಎಲ್ಲಿಗೆ ಹೋಗಬೇಕು? ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದು ಪೋಪ್ ಫ್ರಾನ್ಸಿಸರು 2015ರ 'ಲಾವ್ದಾತೊ ಸೀ' ವಿಶ್ವಪತ್ರದಲ್ಲಿ ಹೇಳಿದ್ದು ಇದನ್ನೇ. ಸಭಾಭವನಕ್ಕೋ ಶಾಲೆಗೋ ಜಾಗ ನೋಡುವ ನಮ್ಮ ಧರ್ಮಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಜನವರಿಯಲ್ಲಿ ಮೆಚ್ಚಿದ ಜಾಗವನ್ನು ಜುಲೈಯಲ್ಲೊಮ್ಮೆ ನೋಡೋಣ. ನೀರು ಎಲ್ಲಿಯವರೆಗೆ ಬರುತ್ತದೆ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ಎಂದು ನೆರೆಮನೆಯವರನ್ನು ಕೇಳೋಣ. ಸಿ.ಆರ್.ಝಡ್. ನಕ್ಷೆ, ರೇರಾ ನೋಂದಣಿ ಪರಿಶೀಲಿಸೋಣ. ವಿದೇಶದಲ್ಲಿರುವವರ ಪರವಾಗಿ ಈ ವಿಚಾರಣೆ ಮಾಡಲು ವಾಳೆಯ ಗುರಿಕಾರರು ನೆರವಾಗಬಹುದು.

ಮತ್ತಾಯನ ಶುಭಸಂದೇಶದ ಸಾಮತಿಯಲ್ಲಿ ಮಳೆಯೂ ಪ್ರವಾಹವೂ ಎರಡೂ ಮನೆಗಳಿಗೆ ಬಡಿದವು. ಉಳಿದದ್ದು ಬಂಡೆಯ ಮೇಲಿನ ಮನೆ ಮಾತ್ರ.