ಜಾಮ್ಸಿಲ್ ಅಂದ್ರೆ ಹುಳು ಮನೆ

ಸಿಯೋಲ್ ನಗರದಲ್ಲಿ ಜಾಮ್ಸಿಲ್ ಅಂತ ಒಂದು ಏರಿಯಾ ಇದೆ. ಬಿಟಿಎಸ್ ಕೇಳುವವರಿಗೆ ಈ ಹೆಸರನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. 1988ರ ಒಲಿಂಪಿಕ್ಸ್ ನಡೆದ ದೊಡ್ಡ ಸ್ಟೇಡಿಯಂ ಇರೋದು ಅಲ್ಲೇ. 2018ರ ಆಗಸ್ಟ್‌ನಲ್ಲಿ 'ಲವ್ ಯುವರ್‌ಸೆಲ್ಫ್' ಟೂರ್ ಶುರುವಾಗಿದ್ದು ಅಲ್ಲಿ, ಸುತ್ತು ಹೊಡೆದು 2019ರ ಅಕ್ಟೋಬರ್‌ನಲ್ಲಿ ಮುಗಿದಿದ್ದೂ ಅಲ್ಲೇ. ಪಕ್ಕದಲ್ಲಿ ಲೊಟ್ಟೆ ವರ್ಲ್ಡ್ ಅನ್ನೋ ಥೀಮ್ ಪಾರ್ಕ್, 123 ಮಹಡಿಯ ಟವರ್, ದೊಡ್ಡ ದೊಡ್ಡ ಮಾಲ್. ಆದ್ರೆ ಜಾಮ್ಸಿಲ್ ಅನ್ನೋ ಪದದ ಅರ್ಥ ಏನು ಗೊತ್ತಾ? ರೇಷ್ಮೆ ಹುಳು ಸಾಕುವ ಕೋಣೆ. ಜೋಸಾನ್ ರಾಜರ ಕಾಲದಲ್ಲಿ ಅಲ್ಲಿ ಹಿಪ್ಪುನೇರಳೆ ಬೆಳೆಸಿ ಹುಳು ಸಾಕುತ್ತಿದ್ದರು. ಶಿಡ್ಲಘಟ್ಟದವರ ಮಾತಿನಲ್ಲಿ ಹೇಳೋದಾದ್ರೆ, ಹುಳು ಮನೆ.

ಇದು ಗೊತ್ತಾದ ದಿನದಿಂದ ನಮ್ಮ ಗುಂಪಿನಲ್ಲಿ ಇದೇ ಚರ್ಚೆ. ಗುಂಪು ಅಂದ್ರೆ ಗೌರಿಬಿದನೂರಿಂದ ಟ್ರೇನ್ ಹಿಡಿದು ಬರೋರು, ಚಿಂತಾಮಣಿ ಬಸ್ಸಿನಲ್ಲಿ ನಿಂತು ಬರೋರು, ಚಿಕ್ಕಬಳ್ಳಾಪುರದ ಪೇಟೆಯವರು, ಶಿಡ್ಲಘಟ್ಟದ ಹಳ್ಳಿಗಳವರು. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಕನ್ನಡ, ಇಯರ್‌ಫೋನಿನಲ್ಲಿ ಕೊರಿಯನ್. "ಅರ್ಥ ಆಗದ ಭಾಷೆ ಹಾಡು ಏನು ಕೇಳ್ತೀರಪ್ಪಾ" ಅಂತ ದೊಡ್ಡವರು ಕೇಳ್ತಾನೇ ಇರ್ತಾರೆ. ಕೈವಾರದ ತಾತಯ್ಯನವರು ತೆಲುಗಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಎರಡೂ ಭಾಷೆ ಬರುವವರು, ಒಂದೇ ಬರುವವರು ಎಲ್ಲರೂ ಸೇರಿ ಭಜನೆ ಮಾಡ್ತಾರೆ. ನಮ್ಮ ಸೀಮೆಯವರಿಗೆ ಪರಭಾಷೆ ಹಾಡು ಹೊಸದೇನಲ್ಲ. ಆ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ನಮ್ಮಲ್ಲಿ ಯಾರೂ ಕೊರಿಯಾಗೆ ಹೋಗಿಲ್ಲ. ಪಾಸ್‌ಪೋರ್ಟೇ ಇಲ್ಲ. ಆದ್ರೆ ವ್ಲಾಗ್ ನೋಡಿ ನೋಡಿ ಅಭಿಮಾನಿಯೊಬ್ಬರ ಸಿಯೋಲ್ ದಿನ ಹೇಗಿರುತ್ತೆ ಅನ್ನೋದು ಬಾಯಿಪಾಠ ಆಗಿದೆ. ಬೆಳಿಗ್ಗೆ ಮ್ಯೊಂಗ್‌ಡಾಂಗ್ ಬೀದಿಯಲ್ಲಿ ಶಾಪಿಂಗ್: ಫೇಸ್ ಮಾಸ್ಕ್, ಫೋಟೊಕಾರ್ಡ್, ಹೀರೋಗಳ ಮುಖ ಇರುವ ಸಾಕ್ಸ್. (ಸಾಕ್ಸ್ ಯಾಕೆ ಅಂತ ನಮಗೂ ಅರ್ಥವಾಗಿಲ್ಲ. ಇಷ್ಟಪಡುವವರ ಮುಖವನ್ನ ಕಾಲಿಗೆ ಹಾಕ್ಕೊಳ್ಳೋದು ನಮ್ಮ ಕಡೆ ಆಗೋ ಮಾತಲ್ಲ.) ಮಧ್ಯಾಹ್ನ ಊಟಕ್ಕೆ ಗಂಗ್ನಮ್ ಕಡೆ 'ಯೂಜಂಗ್ ಸಿಕ್ದಾಂಗ್'. ಬಿಟಿಎಸ್‌ನವರು ಇನ್ನೂ ಟ್ರೇನಿಗಳಾಗಿದ್ದಾಗ ಊಟ ಮಾಡುತ್ತಿದ್ದ ಸಣ್ಣ ಹೋಟೆಲ್ ಅದು. ಈಗ ಗೋಡೆ ತುಂಬ ಅವರದೇ ಪೋಸ್ಟರ್. ಜನ ಬೇರೆ ಬೇರೆ ದೇಶದಿಂದ ಬಂದು ಕ್ಯೂ ನಿಂತು, ಕಲ್ಲಿನ ಬಟ್ಟಲಿನಲ್ಲಿ ಬಿಸಿ ಬಿಸಿ ಬಿಬಿಂಬಾಪ್ ತಿಂದು ಹೋಗ್ತಾರೆ. ಸಂಜೆ ಬೀದಿಬದಿ ಖಾರದ ತೊಕ್ಬೊಕ್ಕಿ, ಬೆಲ್ಲದಂಥ ಹೂರಣ ಇರುವ ಹೊತ್ತೊಕ್. ಹೊತ್ತೊಕ್ ನೋಡಿದಾಗೆಲ್ಲ ನಮಗೆ ಒಬ್ಬಟ್ಟು ನೆನಪಾಗುತ್ತೆ.

ಇದರಲ್ಲಿ ಬರೀ ವ್ಯಾಪಾರವೂ ಬೇಕಾದಷ್ಟಿದೆ. ಒಂದೇ ಆಲ್ಬಮ್ಮಿಗೆ ನಾಲ್ಕು ಥರ ಕವರ್ ಮಾಡಿ, ಒಳಗೆ ಯಾರ ಫೋಟೊ ಬರುತ್ತೆ ಅನ್ನೋದನ್ನ ಲಾಟರಿ ಮಾಡಿ ಮಾರೋದನ್ನ ಕಲೆ ಅಂತ ಕರೆಯೋಕಾಗಲ್ಲ. ಅದು ನಮಗೂ ಗೊತ್ತು.

ವಿಷಯಕ್ಕೆ ಬರೋಣ. ಆ ಬೀದಿ ತಿಂಡಿಗಳ ನಡುವೆ ಪೇಪರ್ ಕಪ್ಪಿನಲ್ಲಿ ಕಂದು ಬಣ್ಣದ ಏನೋ ಒಂದು ಆವಿಯಾಡ್ತಾ ಇರುತ್ತೆ. ಹೆಸರು ಬೊಂಡೆಗಿ. ರೇಷ್ಮೆ ಹುಳುವಿನ ಪ್ಯೂಪಾ, ಬೇಯಿಸಿ ಮಸಾಲೆ ಹಾಕಿದ್ದು. ಕೊರಿಯಾ ಯುದ್ಧದ ನಂತರದ ಬಡತನದಲ್ಲಿ, ನೂಲು ತೆಗೆದ ಮೇಲೆ ಉಳಿದ ಹುಳುವೇ ಅಗ್ಗದ ಪ್ರೋಟೀನ್ ಆಗಿತ್ತಂತೆ. ಈಗ ಡಬ್ಬಿಯಲ್ಲೂ ಸಿಗುತ್ತೆ. ವ್ಲಾಗ್ ಮಾಡುವವರೆಲ್ಲ ಅದನ್ನ ಬಾಯಿಗಿಟ್ಟು ಮುಖ ಕಿವುಚ್ತಾರೆ, ಆಮೇಲೆ ನಗ್ತಾರೆ. ನೋಡೋರು ಲೈಕ್ ಒತ್ತುತ್ತಾರೆ.

ಅದೇ ಹುಳು, ಅದೇ ವಾಸನೆ ಶಿಡ್ಲಘಟ್ಟದಲ್ಲಿ ದಿನಾ ಇದೆ. ರೀಲಿಂಗ್ ಘಟಕಗಳಿರುವ ಬೀದಿಗೆ ಹೊರಗಿನವರು ಬಂದ್ರೆ ಮೂಗು ಮುಚ್ಚಿಕೊಂಡು ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳ್ತಾರೆ. ಕ್ಲಾಸಿನಲ್ಲಿ "ನಿಮ್ಮೂರು ಯಾವುದು" ಅಂದಾಗ ಕೆಲವರು ಶಿಡ್ಲಘಟ್ಟ ಅನ್ನದೆ "ಚಿಕ್ಕಬಳ್ಳಾಪುರದ ಹತ್ರ" ಅಂತ ಹೇಳೋದಕ್ಕೆ ಈ ವಾಸನೆಯೂ ಒಂದು ಕಾರಣ. ಹುಳು ತಿನ್ನಿ ಅಂತ ನಾವು ಯಾರಿಗೂ ಹೇಳ್ತಿಲ್ಲ. ಅಸ್ಸಾಮಿನ ಬೋಡೋ ಜನ ಎರಿ ಹುಳು ತಿಂತಾರೆ, ನಮ್ಮಲ್ಲಿ ಅದು ಎಣ್ಣೆಗೆ, ಕೋಳಿ ಮೀನಿನ ಆಹಾರಕ್ಕೆ ಹೋಗುತ್ತೆ, ಅದು ಅವರವರ ಇಷ್ಟ. ಆದ್ರೆ ಸಿಯೋಲ್‌ನ ಪೇಪರ್ ಕಪ್ಪಿನಲ್ಲಿದ್ರೆ ಅಡ್ವೆಂಚರ್, ನಮ್ಮ ಬೀದಿಯಲ್ಲಿದ್ರೆ ಗಲೀಜು ಅನ್ನೋದು ಯಾವ ಲೆಕ್ಕ?

ಆ ವಾಸನೆಯ ಹಿಂದೆ ಇರುವ ಕೆಲಸ ಸಣ್ಣದಲ್ಲ. ಹುಳು ನಾಲ್ಕು ಜ್ವರ ದಾಟಿ ಹಣ್ಣಾಗೋಕೆ ಹೆಚ್ಚುಕಡಿಮೆ ಒಂದು ತಿಂಗಳು. ಕೊನೇ ವಾರ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲ್ಲ, ರಾತ್ರಿಯೂ ಸೊಪ್ಪು ಹಾಕಬೇಕು. ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ರೆ ಗೂಡು ಹಾಳು. ಆಮೇಲೆ ಮಾರುಕಟ್ಟೆ. ರಾಮನಗರ ಬಿಟ್ರೆ ರಾಜ್ಯದಲ್ಲಿ ದೊಡ್ಡ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದ್ದೇ. ಒಂದು ಒಳ್ಳೆ ಬೈವೋಲ್ಟೈನ್ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಇರುತ್ತೆ, ಅದನ್ನ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ತೆಗೆಯುವವರಲ್ಲಿ ಹೆಂಗಸರೇ ಜಾಸ್ತಿ. ಕೆಲವರ ಇಂಜಿನಿಯರಿಂಗ್ ಫೀಸು ಕಟ್ಟಿರೋದು ಈ ದುಡ್ಡಲ್ಲೇ.

ನೂಲು ಅಲ್ಲಿಂದ ಕಂಚಿಗೆ, ಧರ್ಮಾವರಕ್ಕೆ, ಬನಾರಸ್ಸಿಗೆ ಹೋಗುತ್ತೆ. ಸೀರೆ ಆದ ಮೇಲೆ ಹೆಸರು ಕಂಚಿ, ಧರ್ಮಾವರ, ಬನಾರಸ್. ನೇಯ್ದವರಿಗೆ ಹೆಸರು ಸಿಗೋದು ನ್ಯಾಯ, ಅದಕ್ಕೆ ನಮ್ಮ ತಕರಾರಿಲ್ಲ. ಆದ್ರೆ ಶಿಡ್ಲಘಟ್ಟ ಅನ್ನೋ ನಾಲ್ಕು ಅಕ್ಷರ ಆ ಸೀರೆಯ ಲೇಬಲ್ಲಿನ ಮೇಲೆ ಎಲ್ಲೂ ಕಾಣಲ್ಲ.

ಕೆ-ಪಾಪ್ ಅಭಿಮಾನಿಗಳಿಗೆ ಇದು ಬೇಗ ಅರ್ಥವಾಗಬೇಕು. ಯಾಕಂದ್ರೆ ಆಲ್ಬಮ್ಮಿನ ಕೊನೇ ಪುಟ ಓದುವ ಜನ ನಾವು. ಹಾಡು ಬರೆದಿದ್ದು ಯಾರು, ಸ್ಟೆಪ್ಸ್ ಯಾರದು, ರಾಪ್ ಭಾಗ ಆತನೇ ಬರೆದನಾ ಅಂತ ರಾತ್ರಿ ಒಂದು ಗಂಟೆಗೆ ಜಗಳ ಆಡ್ತೀವಿ. ಟ್ರೇನಿಗಳಿಗೆ ಅನ್ನ ಹಾಕಿದ ಹೋಟೆಲ್ಲಿನ ಹೆಸರೂ ನಮಗೆ ಗೊತ್ತು. ಜಾಮ್ಸಿಲ್‌ನಲ್ಲಂತೂ ಈಗ ಹುಳು ಮನೆಗಳಿಲ್ಲ. 1970ರ ದಶಕದಲ್ಲಿ ನದಿ ತುಂಬಿಸಿ ಅಪಾರ್ಟ್‌ಮೆಂಟ್ ಕಟ್ಟಿದರು. ಆದ್ರೂ ಮೆಟ್ರೊ ಸ್ಟೇಷನ್ನಿನ ಬೋರ್ಡಿನಲ್ಲಿ ಹುಳು ಮನೆ ಅನ್ನೋ ಹೆಸರು ಹಾಗೇ ಇದೆ. ಇಲ್ಲಿ ಹುಳು ಇದೆ, ಹೆಸರು ಇಲ್ಲ.

ಹಾಗಂತ ಶಿಡ್ಲಘಟ್ಟವನ್ನ ಇನ್ನೊಂದು ನಂದಿ ಬೆಟ್ಟ ಮಾಡಿ ಅಂತ ನಾವು ಕೇಳ್ತಿಲ್ಲ. ಸೂರ್ಯೋದಯದ ರೀಲ್ ತೆಗೆದುಕೊಂಡು ಹತ್ತು ಗಂಟೆಗೆ ವಾಪಸ್ ಬೆಂಗಳೂರಿಗೆ ಓಡುವ ಕಾರುಗಳಿಂದ ಆ ಊರಿಗೆ ಏನೂ ಆಗಬೇಕಿಲ್ಲ. ಹುಳು ಮನೆಗೆ ಹೊರಗಿನವರನ್ನ ಬಿಡೋದೂ ಇಲ್ಲ, ಹುಳುವಿಗೆ ರೋಗ ತಗಲುತ್ತೆ. ನಾವು ಕೇಳ್ತಿರೋದು ಲೇಬಲ್ಲಿನಲ್ಲಿ ಒಂದು ಸಾಲು: ನೂಲು ಇಂಥ ಊರಿನದು ಅಂತ.

ಇದು ಬರೀ ಅಭಿಮಾನದ ಮಾತಲ್ಲ, ರೇಟಿನ ಮಾತು. ಹೊರದೇಶದಿಂದ ಬರುವ ಕಚ್ಚಾ ರೇಷ್ಮೆಯಲ್ಲಿ ಬಹುಪಾಲು ಚೀನಾದ್ದು. 2011ರ ಬಜೆಟ್ಟಿನಲ್ಲಿ ಆಮದು ಸುಂಕವನ್ನ ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಇಲ್ಲಿ ಗೂಡಿನ ಬೆಲೆ ಬಿತ್ತು, ರೈತರು ಬೀದಿಗೆ ಬಂದರು. ನಾವಾಗ ಯುಕೆಜಿಯಲ್ಲಿದ್ವಿ, ಮನೆಯವರು ಹೇಳಿ ಗೊತ್ತು. ಕೊಳ್ಳುವವರಿಗೆ ನೂಲು ಯಾವ ಊರಿನದು ಅಂತ ಗೊತ್ತೇ ಆಗದಿದ್ರೆ, ಅದು ಚೀನಾದ್ದಾದರೂ ಒಂದೇ ಶಿಡ್ಲಘಟ್ಟದ್ದಾದರೂ ಒಂದೇ.

ಎತ್ನಿಕ್ ಡೇ ಬರ್ತಾ ಇದೆ. ಅಮ್ಮನ ರೇಷ್ಮೆ ಸೀರೆ ಕೇಳುವವರು, ಹೊಸದು ಕೊಳ್ಳುವವರು ಇಬ್ಬರೂ ಇದ್ದೀರಿ. ಕೊಳ್ಳುವವರು ಅಂಗಡಿಯಲ್ಲಿ ಬಣ್ಣ, ಬಾರ್ಡರ್ ಎಲ್ಲ ನೋಡಿ ಆದ ಮೇಲೆ "ನೂಲು ಎಲ್ಲಿದು ಅಣ್ಣಾ" ಅಂತ ಒಂದು ಮಾತು ಕೇಳಿ. ಅವರು ಏನಂದ್ರು ಅಂತ ನಮ್ಮ ಕ್ಲಬ್ಬಿಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.