ಬಟಾಣಿಯಲ್ಲೇ ನಿಲ್ಲುವ ಪಾಠ

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡಿದೆ. ಬಟಾಣಿ ಬೀಜದ ಬಣ್ಣಕ್ಕೂ ಆಕಾರಕ್ಕೂ ನಂಟಿಲ್ಲ ಎಂದು ವಿವರಿಸಿ, ಕಪ್ಪುಹಲಗೆಯ ಮೇಲೆ 9:3:3:1 ಬರೆದೆ. ರೇಷ್ಮೆ ಸಾಕುವ ಮನೆಯ ಹುಡುಗನೊಬ್ಬ ಎದ್ದು ಕೇಳಿದ: "ಮಿಸ್, ಹಾಗಾದ್ರೆ ಹುಳ ಸಣ್ಣದಾಗಿದ್ದು ಗೂಡು ಮಾತ್ರ ದಪ್ಪ ಆಗೋ ತಳಿ ಮಾಡಬಹುದಲ್ವಾ? ಸೊಪ್ಪು ಉಳಿಯುತ್ತೆ. ನಮ್ಮನೇಲಿ ದಪ್ಪ ಹುಳಾನೇ ದಪ್ಪ ಗೂಡು ಕಟ್ಟೋದು."

"ಅದು ಈ ಪಾಠದಲ್ಲಿಲ್ಲ, ಕೂತ್ಕೋ" ಎಂದೆ. ಪಾಠಯೋಜನೆಯಂತೆ ಮುಗಿಸಿದ್ದಕ್ಕೆ ಒಳ್ಳೆಯ ಅಂಕ ಬಂತು. ಆ ಹುಡುಗ ಮತ್ತೆ ಕೈ ಎತ್ತಲಿಲ್ಲ.

ಅವನು ಮಾಡಿದ್ದು ನಾವು ಬಯಸುವ ಕೆಲಸವನ್ನೇ: ಕಲಿತ ನಿಯಮವನ್ನು ಮನೆಯ ಹುಳುವಿಗೆ ಹಚ್ಚಿ ನೋಡಿದ್ದ. ಆದರೆ ಎಲ್ಲ ಲಕ್ಷಣಗಳೂ ಬಟಾಣಿಯಂತೆ ಬಿಡಿಬಿಡಿಯಾಗಿ ಬರುವುದಿಲ್ಲ. ಒಂದೇ ಜೀನ್ ದೇಹದ ಹಲವು ಭಾಗಗಳ ಮೇಲೆ ಪರಿಣಾಮ ಬೀರಬಹುದು. ಒಂದೇ ವರ್ಣತಂತುವಿನಲ್ಲಿ ಹತ್ತಿರವಿರುವ ಜೀನ್‌ಗಳು ಸಾಮಾನ್ಯವಾಗಿ ಜೊತೆಯಾಗಿಯೇ ಸಾಗುತ್ತವೆ.

ಹಾಗಾದರೆ ಈ ನಂಟನ್ನು ಬಿಡಿಸಲು ಆಗುವುದೇ ಇಲ್ಲವೇ? ಆಫ್ರಿಕಾದ ಬೈಸಿಕ್ಲಸ್ ಅನಿನಾನ ಚಿಟ್ಟೆಯ ಮುಂರೆಕ್ಕೆಯಲ್ಲಿ ಕಣ್ಣಿನಂಥ ಎರಡು ಮಚ್ಚೆಗಳಿವೆ. ಒಂದು ದೊಡ್ಡದಾದರೆ ಇನ್ನೊಂದೂ ಸಾಮಾನ್ಯವಾಗಿ ದೊಡ್ಡದು. ಬೆಲ್ಡಾಡ್ ಮತ್ತು ಸಂಗಡಿಗರು 25 ತಲೆಮಾರು ಆಯ್ದು ಸಾಕಿ, ಒಂದು ದೊಡ್ಡದು ಇನ್ನೊಂದು ಚಿಕ್ಕದಾದ ಚಿಟ್ಟೆಗಳನ್ನು ಪಡೆದರು. 2002ರಲ್ಲಿ ಇದು ಪ್ರಕಟವಾಯಿತು. ಆದರೆ ಅದೇ ಮಚ್ಚೆಗಳ ಬಣ್ಣವನ್ನು ಹೀಗೆ ವಿರುದ್ಧ ದಿಕ್ಕಿಗೆ ಎಳೆಯುವ ಯತ್ನ ಫಲಿಸಲಿಲ್ಲ ಎಂದು 2008ರ ಅಧ್ಯಯನ ತೋರಿಸಿತು. ಕೆಲವು ನಂಟು ಬಿಡುತ್ತವೆ, ಕೆಲವು ಜಗ್ಗುವುದಿಲ್ಲ. ಯಾವುದು ಎಂಬುದನ್ನು ಪ್ರಯೋಗವೇ ಹೇಳಬೇಕು.

ಆದ್ದರಿಂದ ನನ್ನ ಅಭಿಪ್ರಾಯ: ಮೆಂಡೆಲ್ ಪಾಠದ ಕೊನೆಗೆ ಹತ್ತು ನಿಮಿಷ ಇದಕ್ಕೆ ಮೀಸಲಿಡಬೇಕು. ರೇಷ್ಮೆ ಸೀಮೆಯ ಶಾಲೆಯಾದರೆ, ಹಣ್ಣಾದ ಹುಳುವನ್ನು ತೂಗಿ, ಅದೇ ಹುಳು ಕಟ್ಟಿದ ಗೂಡನ್ನೂ ತೂಗಿ ಮಕ್ಕಳೇ ನಕ್ಷೆ ಬರೆಯಲಿ. ನಂಟು ಕಂಡರೆ ಇನ್ನೊಂದು ಪ್ರಶ್ನೆ ಕೇಳೋಣ: ಇದು ಜೀನಿನ ನಂಟೋ, ಚೆನ್ನಾಗಿ ಸೊಪ್ಪು ಸಿಕ್ಕಿದ್ದರ ಫಲವೋ? ಅಲ್ಲಿಂದ ಆಯ್ಕೆ ಪ್ರಯೋಗದ ಅಗತ್ಯ ತಾನಾಗಿಯೇ ತಿಳಿಯುತ್ತದೆ.

ಪರೀಕ್ಷೆಗೆ ಬಾರದ್ದಕ್ಕೆ ಸಮಯವೆಲ್ಲಿ ಎಂದು ಸಹಪಾಠಿಗಳು ಕೇಳುತ್ತಾರೆ. ಅವಸರ ನನಗೂ ಗೊತ್ತು; ಅದರಿಂದಲೇ ಒಬ್ಬ ಹುಡುಗನನ್ನು ಕೂರಿಸಿದೆ. ನಿಯಮ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಹೇಳದಿದ್ದರೆ, ಮಗು ಪುಸ್ತಕವನ್ನು ನಂಬಬೇಕೋ ತನ್ನ ಕಣ್ಣನ್ನೋ ಎಂಬ ಗೊಂದಲಕ್ಕೆ ಬೀಳುತ್ತದೆ. ಬರುವ ಸೋಮವಾರ ಅದೇ ತರಗತಿಗೆ ನನ್ನ ಪಾಠವಿದೆ. ಅವನ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.